ಎರಡನೇ ಹಾರ್ಡ್ ಡಿಸ್ಕ್ ಹಾಕಿದ ಮೇಲೆ ಪಿಸಿ ಸ್ಟಾರ್ಟ್ ಆಗ್ತಿಲ್ವಾ? ಫಾರ್ಮ್ಯಾಟ್‌ಗೆ ಮೊದಲು ಸೆಲ್ ನೋಡಿ

ನೀವು ಕೇಳಿದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಆಮೇಲೆ ಓದುವವರಿಗೂ ಅನುಕೂಲ ಆಗಲಿ. ಗಂಗಾವತಿಯಲ್ಲಿ ನಿಮ್ಮದು ಫೋಟೋ ಸ್ಟುಡಿಯೋ. ಹಳೆಯ ಅಸೆಂಬಲ್ಡ್ ಪಿಸಿ. ಮದುವೆ ವಿಡಿಯೋಗಳು ತುಂಬಿ ಜಾಗ ಸಾಲದೆ, ಗೆಳೆಯರ ಹಳೆ ಪಿಸಿಯಿಂದ ಒಂದು 1 ಟಿಬಿ ಹಾರ್ಡ್ ಡಿಸ್ಕ್ ತೆಗೆದು ಹಾಕಿದ್ದೀರಿ. ಆವತ್ತಿನಿಂದ ಕಪ್ಪು ಸ್ಕ್ರೀನ್ ಮೇಲೆ 'ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್' ಅಂತ ಬರುತ್ತಿದೆ. ಒಬ್ಬ ಹುಡುಗ ಬಂದು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಏನೋ ಬದಲಿಸಿದ, ದಿನವಿಡೀ ಚೆನ್ನಾಗಿ ಓಡಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಮೆಸೇಜ್. ಹೊಸದಾಗಿ ಹಾಕಿದ ಡಿಸ್ಕ್ ತೆಗೆದರೆ ಸ್ಟಾರ್ಟ್ ಆಗುತ್ತದೆ, 'ಆದರೆ ಟೈಮ್ ತಪ್ಪು ತೋರಿಸುತ್ತೆ, ಅದು ಬಿಡಿ' ಅಂದಿದ್ದೀರಿ. ಅಂಗಡಿಯವರು ಎರಡೂ ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕೋಣ ಅನ್ನುತ್ತಿದ್ದಾರೆ. ಮಾಡಿಸಲಾ ಬೇಡವಾ, ಇದು ನಿಮ್ಮ ಪ್ರಶ್ನೆ.

ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ಟೈಮ್ ವಿಷಯವನ್ನು ನೀವು 'ಅದು ಬಿಡಿ' ಅಂದಿದ್ದೀರಲ್ಲ, ಉತ್ತರ ಇರುವುದೇ ಅಲ್ಲಿ.

ನಾನು ಬಳ್ಳಾರಿಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವನು. ಜೀನ್ಸ್ ಯೂನಿಟ್, ಡಿಟಿಪಿ ಅಂಗಡಿ, ಸ್ಟುಡಿಯೋ, ಎಲ್ಲ ಕಡೆಯಿಂದಲೂ ಪಿಸಿ ಬರುತ್ತವೆ. 'ನಿನ್ನೆ ತನಕ ಚಲೋ ಇತ್ರಿ, ಡಿಸ್ಕ್ ಹಾಕಿದ ಮ್ಯಾಲೆ ಕೆಟ್ತು' ಅನ್ನುವವರೇ ಜಾಸ್ತಿ. ಆದರೆ ಡಿಸ್ಕ್ ಹಾಕುವಾಗ ಆಗುವುದು ಡಿಸ್ಕ್ ಹಾಕುವುದೊಂದೇ ಅಲ್ಲ. ಕರೆಂಟ್ ವೈರ್ ಕಿತ್ತಿರುತ್ತೀರಿ. ಕ್ಯಾಬಿನೆಟ್ ಮಲಗಿಸಿರುತ್ತೀರಿ. ಒಳಗೆ ಕೈ ಹಾಕಿ ನಾಲ್ಕು ಕೇಬಲ್ ಅತ್ತಿತ್ತ ಸರಿಸಿರುತ್ತೀರಿ. ತಪ್ಪೆಲ್ಲ ಪಾಪ ಆ ಡಿಸ್ಕ್ ಮೇಲೆ ಬೀಳುತ್ತದೆ.

ಮದರ್‌ಬೋರ್ಡ್ ಮೇಲೆ ಐದು ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ. ಅದು 3 ವೋಲ್ಟಿನದು. ಪಿಸಿಗೆ ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಹಳೆಯ ಬೋರ್ಡ್‌ಗಳಲ್ಲಿ ಬಯಾಸ್ ಸೆಟ್ಟಿಂಗ್‌ಗಳನ್ನು ನೆನಪಿಟ್ಟುಕೊಳ್ಳುವುದೂ ಅದೇ. ಯಾವ ಡಿಸ್ಕ್‌ನಿಂದ ಮೊದಲು ಸ್ಟಾರ್ಟ್ ಆಗಬೇಕು, ಸಾಟಾ (ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಕನೆಕ್ಷನ್) ಯಾವ ಮೋಡ್‌ನಲ್ಲಿ ಇರಬೇಕು ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಸೆಲ್ ಸತ್ತರೂ ಪಿಸಿ ಓಡುತ್ತದೆ. ಗೋಡೆಯ ಸ್ವಿಚ್ ಆನ್ ಇರುವ ತನಕ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) ಬೋರ್ಡ್‌ಗೆ ಸ್ವಲ್ಪ ಕರೆಂಟ್ ಬರುತ್ತಲೇ ಇರುತ್ತದೆ, ಹಾಗಾಗಿ ನೆನಪೂ ಉಳಿಯುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ನೀವು ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತೀರಿ, ಅಲ್ವಾ? ಬೆಳಿಗ್ಗೆಗೆ ಆ ಹುಡುಗ ಮಾಡಿದ್ದ ಸೆಟ್ಟಿಂಗ್ ಎಲ್ಲ ಅಳಿಸಿ, ಕಂಪನಿಯಿಂದ ಬಂದಾಗ ಇದ್ದ ಸೆಟ್ಟಿಂಗ್‌ಗೇ ಬೋರ್ಡ್ ಮರಳಿರುತ್ತದೆ.

ಹಾಗಾದರೆ ಒಂದೇ ಡಿಸ್ಕ್ ಇದ್ದಾಗ ಯಾಕೆ ತೊಂದರೆ ಆಗಲಿಲ್ಲ? ಇದ್ದದ್ದೇ ಒಂದು, ಬಯಾಸ್ ಎಲ್ಲವನ್ನೂ ಮರೆತರೂ ಹುಡುಕಿಕೊಂಡು ಅಲ್ಲಿಗೇ ಬರುತ್ತಿತ್ತು. ಸೆಲ್ ಯಾವಾಗಲೋ ಸತ್ತಿರಬಹುದು, ಯಾರಿಗೂ ಗೊತ್ತಾಗಿಲ್ಲ. ಈಗ ಎರಡು ಡಿಸ್ಕ್ ಇವೆ. ಮರೆತ ಬಯಾಸ್ ಸಾಮಾನ್ಯವಾಗಿ ಚಿಕ್ಕ ನಂಬರಿನ ಸಾಟಾ ಪೋರ್ಟ್‌ನಲ್ಲಿರುವ ಡಿಸ್ಕ್ ಹಿಡಿಯುತ್ತದೆ. ಅಲ್ಲಿ ನಿಮ್ಮ ಗೆಳೆಯರ ಡಿಸ್ಕ್ ಕೂತಿರಬೇಕು. ಹಳೆ ಬಯಾಸ್ ಮೊದಲು ಓದುವುದು ಡಿಸ್ಕ್‌ನ ಮೊಟ್ಟಮೊದಲ 512 ಬೈಟ್ ಮಾತ್ರ. ಸ್ಟಾರ್ಟ್ ಮಾಡುವ ಪ್ರೋಗ್ರಾಂ ಅಲ್ಲಿ ಸಿಗದೆ ಹೋದರೆ ನಿಮಗೆ ಬಂದಂಥ ಮೆಸೇಜ್ ಬರುತ್ತದೆ. ಅರ್ಧಂಬರ್ಧ ಸಿಕ್ಕರೆ 'ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್' ಅನ್ನುತ್ತದೆ. ಡಿಸ್ಕ್ ಕೊಟ್ಟವರ ಹಳೆ ವಿಂಡೋಸ್ ಪೂರ್ತಿ ಇದ್ದರೆ ಅವರ ಮಕ್ಕಳ ಫೋಟೋ ಇರುವ ಡೆಸ್ಕ್‌ಟಾಪೇ ಬಂದು ನಿಲ್ಲುವುದೂ ಉಂಟು! ಇದರಲ್ಲಿ ಯಾವುದು ಬಂದರೂ ನಿಮ್ಮ ವಿಂಡೋಸ್ ಕೆಟ್ಟಿದೆ ಅಂತ ಅರ್ಥವಲ್ಲ.

ಅಂಗಡಿಯವರ ಸಲಹೆಯನ್ನು ಈಗ ಇನ್ನೊಮ್ಮೆ ನೋಡಿ. ಎರಡೂ ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದರು ಅಂದುಕೊಳ್ಳಿ. ಸತ್ತ ಸೆಲ್ ಹಾಗೇ ಇರುತ್ತದೆ. ಮಾರನೇ ದಿನ ಬೆಳಿಗ್ಗೆ ಮತ್ತೆ ಇದೇ ಕಪ್ಪು ಸ್ಕ್ರೀನ್ ಬರಬಹುದು. ಮದುವೆ ವಿಡಿಯೋಗಳು ಮಾತ್ರ ಹೋಗಿರುತ್ತವೆ. ಫಾರ್ಮ್ಯಾಟ್ ಮಾಡಿಬಿಡೋಣ ಅನ್ನುವುದು ಹೇಳುವವರಿಗೆ ಸುಲಭ, ಆಲ್ಬಂಗೆ ಅಡ್ವಾನ್ಸ್ ಕೊಟ್ಟ ಹೆಣ್ಣಿನ ಕಡೆಯವರಿಗೆ ಉತ್ತರ ಹೇಳಬೇಕಾದವರು ನೀವು.

ನನ್ನ ಮಾತು ನಂಬಬೇಕಂತಿಲ್ಲ, ಖರ್ಚಿಲ್ಲದೆ ನೀವೇ ಪರೀಕ್ಷೆ ಮಾಡಬಹುದು. ಆ ಹುಡುಗನಿಂದ ಬೂಟ್ ಆರ್ಡರ್, ಅಂದರೆ ಯಾವ ಡಿಸ್ಕ್‌ನಿಂದ ಮೊದಲು ಸ್ಟಾರ್ಟ್ ಆಗಬೇಕು ಅನ್ನುವ ಸರದಿ, ಇನ್ನೊಮ್ಮೆ ಸರಿ ಮಾಡಿಸಿ. ರಾತ್ರಿ ವಿಂಡೋಸ್ ಶಟ್‌ಡೌನ್ ಮಾಡಿ, ಮೇನ್ ಸ್ವಿಚ್, ಗೋಡೆಯ ಸ್ವಿಚ್ ಎರಡೂ ಆನ್ ಇಟ್ಟು ಹೋಗಿ. ರಾತ್ರಿ ಕರೆಂಟ್ ಹೋಗದೆ ಇದ್ದು, ಬೆಳಿಗ್ಗೆ ಪಿಸಿ ಸರಿಯಾಗಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಹಾಗೆ, ಅದು ಸೆಲ್ಲೇ. ಮಲ್ಟಿಮೀಟರ್ ಇದ್ದರೆ ಸೆಲ್ ತೆಗೆದು ಅಳೆಯಿರಿ. 3 ವೋಲ್ಟ್ ಅಥವಾ ಸ್ವಲ್ಪ ಮೇಲಿದ್ದರೆ ಸರಿ. 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಇನ್ನೊಂದು ಗುರುತು ಹೇಳುತ್ತೇನೆ: ತಾರೀಕು ಹಿಂದಕ್ಕೆ ಹೋಗಿದ್ದರೆ ಬ್ರೌಸರ್‌ನಲ್ಲಿ ಜಿಮೇಲ್ ಕೂಡ ಸುರಕ್ಷಿತವಲ್ಲ ಅಂತ ತೋರಿಸಿ ತೆರೆಯುವುದಿಲ್ಲ. ಅದನ್ನು ಎಷ್ಟೋ ಜನ ನೆಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಸೆಲ್ ಬದಲಿಸುವುದು ಸುಲಭ. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ, ನೂರು ರೂಪಾಯಿಯೂ ಆಗುವುದಿಲ್ಲ. ಮೊದಲು ಬಯಾಸ್ ತೆರೆದು ಎಲ್ಲ ಪುಟಗಳ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ, ಅದೂ ಪಿಸಿ ಚೆನ್ನಾಗಿ ಓಡಿದ ದಿನವೇ. ಅಸೆಂಬಲ್ಡ್ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಪಿಸಿ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿದರೆ ಬಯಾಸ್ ತೆರೆಯುತ್ತದೆ. ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10. ಆಮೇಲೆ ಕರೆಂಟ್ ವೈರ್ ಪೂರ್ತಿ ಕಿತ್ತು, ಪಕ್ಕದ ಚಿಕ್ಕ ಕೊಕ್ಕೆ ಒತ್ತಿ ಹಳೆ ಸೆಲ್ ಎತ್ತಿ, ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ.

ಇದಾದ ಮೇಲೆ ಬಯಾಸ್‌ಗೆ ಹೋಗಿ ತಾರೀಕು, ಟೈಮ್ ಸರಿ ಮಾಡಿ. ನಂತರ ಬೂಟ್ ಆರ್ಡರ್. ಇಲ್ಲೊಂದು ಗೊಂದಲ ಇದೆ, ತಿಳಿದವರೂ ಎಡವುತ್ತಾರೆ. ಅನೇಕ ಹಳೆ ಬೋರ್ಡ್‌ಗಳಲ್ಲಿ ಎರಡು ಪಟ್ಟಿ ಇರುತ್ತವೆ. ಬೂಟ್ ಪ್ರಯಾರಿಟಿ ಪಟ್ಟಿಯಲ್ಲಿ ಡಿವಿಡಿ, ಯುಎಸ್‌ಬಿ ಜೊತೆಗೆ ಒಂದೇ ಒಂದು ಹಾರ್ಡ್ ಡಿಸ್ಕ್ ಹೆಸರು ಕಾಣುತ್ತದೆ. ಎರಡನೆಯದು ಕಾಣುವುದೇ ಇಲ್ಲ. ಆ ಒಂದು ಯಾವುದು ಅಂತ ತೀರ್ಮಾನ ಆಗುವುದು ಇನ್ನೊಂದು ಪಟ್ಟಿಯಲ್ಲಿ, ಅದರ ಹೆಸರು 'ಹಾರ್ಡ್ ಡ್ರೈವ್ ಬಿಬಿಎಸ್ ಪ್ರಯಾರಿಟೀಸ್' ಅಂತ ಇರುತ್ತದೆ, ಹೆಚ್ಚಾಗಿ ಅದೇ ಪುಟದ ಕೆಳಗೆ. ಅಲ್ಲಿ ನಿಮ್ಮ ವಿಂಡೋಸ್ ಇರುವ ಡಿಸ್ಕ್ ಮೊದಲು ಬರಬೇಕು. ಹೊಸ ಪಿಸಿಗಳಲ್ಲಿ ಈ ತಲೆನೋವು ಕಡಿಮೆ, 'ವಿಂಡೋಸ್ ಬೂಟ್ ಮ್ಯಾನೇಜರ್' ಅನ್ನುವುದನ್ನು ಮೇಲಿಟ್ಟರೆ ಸಾಕು.

ಸಾಟಾ ಮೋಡ್ ಅನ್ನುವುದನ್ನು ಮಾತ್ರ ಸುಮ್ನೆ ಮುಟ್ಟಬೇಡಿ. ನೀವು ಫೋಟೋ ತೆಗೆದ ದಿನ ಎಎಚ್‌ಸಿಐ ಅಂತ ಇದ್ದರೆ ಈಗಲೂ ಎಎಚ್‌ಸಿಐ ಇರಲಿ, ಐಡಿಇ ಇದ್ದರೆ ಐಡಿಇ ಇರಲಿ. ವಿಂಡೋಸ್ ಹಾಕುವಾಗ ಯಾವ ಮೋಡ್ ಇತ್ತೋ ಅದು ಬದಲಾದರೆ ನೀಲಿ ಸ್ಕ್ರೀನ್ ಬಂದು 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅನ್ನುತ್ತದೆ. ಆಗಲೂ ಅಂಗಡಿಯಲ್ಲಿ ಫಾರ್ಮ್ಯಾಟ್ ಅಂತಲೇ ಹೇಳುತ್ತಾರೆ. ಮೋಡ್ ಮೊದಲಿನಂತೆ ಮಾಡಿದರೆ ವಿಂಡೋಸ್ ತಾನೇ ಎದ್ದು ಬರುತ್ತದೆ.

ಕ್ಯಾಬಿನೆಟ್ ತೆರೆದಿದ್ದಾಗಲೇ ಡೇಟಾ ಕೇಬಲ್‌ಗಳನ್ನೂ ಅದಲುಬದಲು ಮಾಡಿಬಿಡಿ. ಬೋರ್ಡ್ ಮೇಲೆ ಪೋರ್ಟ್‌ಗಳ ಪಕ್ಕ ಸಣ್ಣ ನಂಬರ್ ಅಚ್ಚಾಗಿರುತ್ತದೆ. ವಿಂಡೋಸ್ ಡಿಸ್ಕ್ ಅತಿ ಚಿಕ್ಕ ನಂಬರಿಗೆ, ಗೆಳೆಯರದು ಅದರ ಮುಂದಿನದಕ್ಕೆ. ಇನ್ನೊಂದು ನಾಲ್ಕು ವರ್ಷಕ್ಕೆ ಈ ಸೆಲ್ ಕೂಡ ಸತ್ತಾಗ ನಿಮಗೆ ಇಷ್ಟೊಂದು ಫಜೀತಿ ಆಗಲಿಕ್ಕಿಲ್ಲ. ಯಾರಾದರೂ ಹಿರಿಯ ಮೆಕ್ಯಾನಿಕ್ 'ಜಂಪರ್ ಹಾಕಿ ಮಾಸ್ಟರ್ ಸ್ಲೇವ್ ಮಾಡಬೇಕು' ಅಂದರೆ ಗೌರವದಿಂದ ಕೇಳಿಸಿಕೊಳ್ಳಿ, ಮಾಡಬೇಡಿ. ಅದು ಅಗಲ ಪಟ್ಟಿ ಕೇಬಲ್‌ನ ಐಡಿಇ ಕಾಲದ ಮಾತು. ಸಾಟಾದಲ್ಲಿ ಒಂದು ಕೇಬಲ್‌ಗೆ ಒಂದೇ ಡಿಸ್ಕ್, ಮಾಸ್ಟರೂ ಇಲ್ಲ ಸ್ಲೇವೂ ಇಲ್ಲ.

ಸೆಲ್ ಹಾಕಿದ ಮೇಲೂ ಸರಿಯಾಗದಿದ್ದರೆ? ಆಗ ಎರಡು ಕೇಬಲ್‌ಗಳನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ. ಪ್ರತಿ ಸಲ ಮುಟ್ಟುವ ಮೊದಲು ಕರೆಂಟ್ ತೆಗೆಯಿರಿ. ಗೆಳೆಯರ ಡಿಸ್ಕ್‌ಗೆ ಮೊದಲು ಅಗಲದ ಪವರ್ ಕೇಬಲ್ ಮಾತ್ರ ಹಾಕಿ, ಡೇಟಾ ಕೇಬಲ್ ಬೇಡ. ಈಗ ಬಯಾಸ್‌ಗೆ ಆ ಡಿಸ್ಕ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಆದರೂ ಪಿಸಿ ಸ್ಟಾರ್ಟ್ ಆಗದಿದ್ದರೆ, ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ, ಅದು ಹೆಚ್ಚಾಗಿ ಎಸ್‌ಎಂಪಿಎಸ್ ಸಮಸ್ಯೆ. ದೊಡ್ಡ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್ ಲೈನ್‌ನಲ್ಲಿ 2 ಆಂಪಿಯರ್ ಹತ್ತಿರ ಎಳೆಯುತ್ತದೆ. ಅಂದರೆ ಕೆಲವು ಸೆಕೆಂಡ್ ಇಪ್ಪತ್ತು ವ್ಯಾಟ್‌ಗೂ ಮೇಲೆ. ಒಳ್ಳೆಯ ಎಸ್‌ಎಂಪಿಎಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ಕಡೆಯ ಬೇಸಿಗೆಯಲ್ಲಿ ವರ್ಷಗಟ್ಟಲೆ ಬೆಂದ, ಕೆಪಾಸಿಟರ್ ಉಬ್ಬಿದ, 450 ವ್ಯಾಟ್ ಅಂತ ಸ್ಟಿಕರ್ ಮಾತ್ರ ಇರುವ ಅಗ್ಗದ ಎಸ್‌ಎಂಪಿಎಸ್ ಅಷ್ಟಕ್ಕೇ ಕುಸಿಯುತ್ತದೆ. ಅದನ್ನು ರಿಪೇರಿ ಮಾಡಿಸಬೇಡಿ, ಹೊಸದು ತನ್ನಿ. ಒಂದು ಪವರ್ ಪಿನ್ ಅನ್ನು ಎರಡು ಮಾಡುವ ಅಗ್ಗದ ಕನೆಕ್ಟರ್ ಹಾಕಿದ್ದರೆ ಅದನ್ನೂ ತೆಗೆದು ನೋಡಿ. ಅಚ್ಚು ಹಾಕಿದ ಪ್ಲಾಸ್ಟಿಕ್ ಒಳಗೆ ವೈರ್ ಒಂದಕ್ಕೊಂದು ತಾಗಿ ಸುಟ್ಟುಹೋಗುವುದು ಅದರಲ್ಲೇ.

ಪವರ್ ಮಾತ್ರ ಕೊಟ್ಟಾಗ ಸರಿಯಿದ್ದು, ಡೇಟಾ ಕೇಬಲ್ ಹಾಕಿದ ಕೂಡಲೇ ಬಯಾಸ್ ಲೋಗೋ ಮೇಲೇ ನಿಂತುಬಿಟ್ಟರೆ ಒಂದೋ ಕೇಬಲ್, ಇಲ್ಲವೇ ಡಿಸ್ಕ್. ಕೇಬಲ್ ಬದಲಿಸಿ ನೋಡಿ. ಆಮೇಲೂ ಹಾಗೇ ಇದ್ದು ಡಿಸ್ಕ್ ಒಳಗೆ ಕಟ್ ಕಟ್ ಅಂತ ಸದ್ದು ಬಂದರೆ ಅದರ ಆಸೆ ಬಿಡಿ.

ಸ್ಕ್ರೀನೇ ಬಾರದೆ ಬೀಪ್ ಸದ್ದು ಮಾತ್ರ ಬಂದರೆ ಕೈ ತಾಗಿ ರ‍್ಯಾಮ್ ಸಡಿಲವಾಗಿರಬಹುದು. ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿ. ನಮ್ಮಲ್ಲಿ ಅದಿರು ಲಾರಿಗಳ ಕೆಂಪು ಧೂಳು, ನಿಮ್ಮಲ್ಲಿ ರೈಸ್ ಮಿಲ್ ಧೂಳು. ಹೇಗೂ ತೆರೆದಿದ್ದೀರಿ, ಒಮ್ಮೆ ಬ್ಲೋವರ್ ಹಿಡಿಯಿರಿ.

ನಿಜವಾಗಿಯೂ ವಿಂಡೋಸ್ ಹೊಸದಾಗಿ ಹಾಕಲೇಬೇಕಾದ ದಿನ ಬಂದರೆ, ಹಾಕುವಾಗ ಇನ್ನೊಂದು ಡಿಸ್ಕ್‌ನ ಡೇಟಾ ಕೇಬಲ್ ಕಿತ್ತಿಡಲು ಹೇಳಿ. ಎರಡೂ ಇದ್ದರೆ ವಿಂಡೋಸ್ ಒಂದರಲ್ಲಿ, ಸ್ಟಾರ್ಟ್ ಮಾಡುವ ಭಾಗ ಇನ್ನೊಂದರಲ್ಲಿ ಹೋಗಿ ಕೂರುವುದುಂಟು. ಮುಂದೆ ಆ ಡಿಸ್ಕ್ ಕೆಟ್ಟ ದಿನ ಚೆನ್ನಾಗಿರುವುದೂ ಏಳುವುದಿಲ್ಲ. ಇನ್ನು, ಹೊಸ ವಿಂಡೋಸ್ 11 ಪಿಸಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸೆಟ್ಟಿಂಗ್ ಬದಲಾದರೆ ಅದು ಕೀ ಕೇಳಬಹುದು.

ಎಲ್ಲ ಸರಿಹೋದ ಮೇಲೆ ನಿಮಗೆ ಎರಡು ಕೆಲಸ ಉಳಿಯುತ್ತವೆ. ಹೊಸ ಡಿಸ್ಕ್ ಬಂದಿದ್ದರಿಂದ ಡ್ರೈವ್ ಅಕ್ಷರಗಳು ಬದಲಾಗಿರಬಹುದು. ಮೊದಲು ಇ ಆಗಿದ್ದ ಎಕ್ಸ್‌ಟರ್ನಲ್ ಡಿಸ್ಕ್ ಈಗ ಎಫ್ ಆಗಿದ್ದರೆ ಎಡಿಟಿಂಗ್ ಪ್ರಾಜೆಕ್ಟ್ ತೆರೆದಾಗ ಕ್ಲಿಪ್‌ಗಳೆಲ್ಲ ಆಫ್‌ಲೈನ್ ಅಂತ ಬರುತ್ತವೆ. ಫೈಲ್ ಹೋಗಿಲ್ಲ, ಗಾಬರಿ ಬೇಡ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆ ಅಕ್ಷರವನ್ನೇ ಕೊಡಿ, ಸಿ ಡ್ರೈವ್ ಮಾತ್ರ ಮುಟ್ಟಬೇಡಿ. ಇನ್ನೊಂದು, ಗೆಳೆಯರ ಡಿಸ್ಕ್‌ಗೆ ವಿಡಿಯೋ ತುಂಬುವ ಮುಂಚೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ನೀಲಿ ಬಣ್ಣದಲ್ಲಿ 'ಗುಡ್' ಅಂದರೆ ಬಳಸಿ. ಹಳದಿಯಲ್ಲಿ 'ಕಾಷನ್' ಅಂದರೆ ಹಾಡು ಸಿನಿಮಾ ಇಟ್ಟುಕೊಳ್ಳಿ, ಗಿರಾಕಿಗಳ ಮದುವೆ ಬೇಡ.