ತಂತ್ರಜ್ಞಾನ ಪ್ರಶ್ನೋತ್ತರ: ಕೋಡ್ ಬರೆಯದೆ ಕಚೇರಿಯ ಆ್ಯಪ್‌ಗಳನ್ನು ಜೋಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ಮಕ್ಕಳಿಗೆ ಸಂಗೀತ ಮತ್ತು ಚಿತ್ರಕಲೆ ಕಲಿಸುವ ಸಣ್ಣ ಕೇಂದ್ರ. ಪ್ರವೇಶಕ್ಕಾಗಿ ಪೋಷಕರು ಗೂಗಲ್ ಫಾರ್ಮ್ ತುಂಬುತ್ತಾರೆ. ದಿನವೂ ಸಂಜೆ ಆ ವಿವರಗಳನ್ನು ವಿಭಾಗವಾರು ಪಟ್ಟಿಗೆ ನಕಲು ಮಾಡಿ, ಒಬ್ಬೊಬ್ಬರಿಗೂ ಸ್ವೀಕೃತಿಯ ಇಮೇಲ್ ಕಳುಹಿಸಿ, ಆಯಾ ಶಿಕ್ಷಕರಿಗೆ ತಿಳಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಇದೆಲ್ಲ ತಾನಾಗಿಯೇ ನಡೆಯುವಂತೆ ಮಾಡಬಹುದೇ? ನನಗೆ ಪ್ರೋಗ್ರಾಮಿಂಗ್ ಬಾರದು.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಾಡಬಹುದು, ಅದಕ್ಕೆ ಬೇಕಾದ ಬಹುಪಾಲು ಸೌಲಭ್ಯ ಈಗಾಗಲೇ ನಿಮ್ಮ ಕೈಯಲ್ಲಿದೆ. ಹೊರಗಿನ ಸೇವೆಯೊಂದನ್ನು ತಂದು ಜೋಡಿಸುವ ಮೊದಲು ಕೆಲಸದ ಕ್ರಮವನ್ನೇ ಒಮ್ಮೆ ಪರಿಶೀಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಗೋಜಲಾಗಿರುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ಆ ಗೋಜಲು ಇನ್ನಷ್ಟು ವೇಗವಾಗಿ ಹರಡುತ್ತದೆ.

ನಿಮ್ಮಲ್ಲಿರುವುದು ಎರಡೇ ವಿಭಾಗ. ಹೀಗಿರುವಾಗ ಒಂದೇ ಫಾರ್ಮ್‌ನಲ್ಲಿ ಎರಡಕ್ಕೂ ಅರ್ಜಿ ಪಡೆದು ಆಮೇಲೆ ಬೇರ್ಪಡಿಸುವ ಬದಲು, ಸಂಗೀತಕ್ಕೊಂದು, ಚಿತ್ರಕಲೆಗೊಂದು ಫಾರ್ಮ್ ಮಾಡಿ. ಪ್ರತಿಯೊಂದಕ್ಕೂ ಉತ್ತರಗಳು ಸೇರುವ ತನ್ನದೇ ಶೀಟ್ ಇರುತ್ತದೆಯಾದ್ದರಿಂದ ನಕಲು ಮಾಡುವ ಕೆಲಸವೇ ಇಲ್ಲವಾಗುತ್ತದೆ. ಆಯಾ ಶಿಕ್ಷಕರನ್ನು ಆ ಫಾರ್ಮ್ ತಿದ್ದಬಲ್ಲವರ ಪಟ್ಟಿಗೆ ಸೇರಿಸಿದರೆ, ಉತ್ತರಗಳ ಪುಟದಲ್ಲಿರುವ ಮೂರು ಚುಕ್ಕಿಗಳ ಮೆನುವಿಗೆ ಹೋಗಿ, ಹೊಸ ಅರ್ಜಿ ಬಂದಾಗಲೆಲ್ಲ ಇಮೇಲ್ ಬರುವಂತೆ ಅವರೇ ಮಾಡಿಕೊಳ್ಳಬಹುದು.

ಉಳಿದದ್ದು ಸ್ವೀಕೃತಿ. ಪೋಷಕರು ತುಂಬಿದ ಉತ್ತರಗಳ ಪ್ರತಿಯನ್ನು ಗೂಗಲ್ ಫಾರ್ಮ್ ತಾನೇ ಕಳುಹಿಸಬಲ್ಲದು. ಆದರೆ ಮೊದಲ ತರಗತಿಯ ದಿನ, ಶುಲ್ಕ, ತರಬೇಕಾದ ಸಾಮಗ್ರಿ ಇವನ್ನೆಲ್ಲ ನಿಮ್ಮದೇ ಮಾತಿನಲ್ಲಿ, ಮಗುವಿನ ಹೆಸರು ಹಾಕಿ ಬರೆಯಬೇಕೆಂದರೆ ಆ್ಯಪ್‌ಗಳನ್ನು ಒಂದಕ್ಕೊಂದು ಜೋಡಿಸಿಕೊಡುವ ಜ್ಯಾಪಿಯರ್‌ನಂತಹ ಸೇವೆ ಬೇಕಾಗುತ್ತದೆ. ಅಲ್ಲಿ ಎರಡು ಹೆಜ್ಜೆಗಳಿವೆ. ಮೊದಲನೆಯದು ಟ್ರಿಗರ್, ಅಂದರೆ ಫಾರ್ಮ್‌ಗೆ ಹೊಸ ಉತ್ತರ ಬರುವುದು. ಎರಡನೆಯದು ಆ್ಯಕ್ಷನ್, ಅಂದರೆ ಜಿಮೇಲ್‌ನಿಂದ ಪತ್ರ ಹೋಗುವುದು. ವಿಳಾಸದ ಜಾಗದಲ್ಲಿ ಫಾರ್ಮ್‌ನ ಇಮೇಲ್ ಕಾಲಂ, ಪತ್ರದ ಒಕ್ಕಣೆಯಲ್ಲಿ ಹೆಸರಿನ ಕಾಲಂ ಆರಿಸಿಕೊಟ್ಟರೆ ಸಾಕು. ಉಚಿತ ಯೋಜನೆಯಲ್ಲಿ ಇಂತಹ ಎರಡು ಹೆಜ್ಜೆಯ ಜೋಡಣೆಗೆ ಮಾತ್ರ ಅವಕಾಶವಿದ್ದು, ತಿಂಗಳಿಗೆ 100 ಕೆಲಸಗಳ (ಒಂದು ಪತ್ರ ಹೋದರೆ ಒಂದು ಕೆಲಸ) ಮಿತಿಯಿದೆ. ನಿಮ್ಮಂತಹ ಕೇಂದ್ರಕ್ಕೆ ಇದು ಸಾಮಾನ್ಯವಾಗಿ ಸಾಲುತ್ತದೆ. ಮೇಕ್ ಎಂಬ ಇನ್ನೊಂದು ಸೇವೆಯ ಉಚಿತ ಮಿತಿ ತಿಂಗಳಿಗೆ 1,000 ಇರುವುದರಿಂದ ನೋಡಲು ಧಾರಾಳವೆನಿಸುತ್ತದೆ. ಆದರೆ ಹೊಸ ಸಾಲು ಬಂದಿದೆಯೇ ಎಂದು ಅದು ಶೀಟನ್ನು ಇಣುಕಿ ನೋಡುವುದೂ ಲೆಕ್ಕಕ್ಕೆ ಸೇರುತ್ತದೆ. 15 ನಿಮಿಷಕ್ಕೊಮ್ಮೆ ನೋಡುವಂತೆ ಇಟ್ಟರೆ ದಿನಕ್ಕೆ 96 ಬಾರಿಯಾಗಿ, ಒಂದೇ ಒಂದು ಅರ್ಜಿ ಬಾರದಿದ್ದರೂ ಹತ್ತು ಹನ್ನೊಂದು ದಿನಗಳಲ್ಲಿ ಮಿತಿ ಮುಗಿದುಹೋಗುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಆರಂಭದ ಕೆಲವು ವಾರ ‘ಇಮೇಲ್ ಕಳುಹಿಸು’ ಎಂಬ ಆ್ಯಕ್ಷನ್ ಬೇಡ. ಅದರ ಬದಲು ‘ಡ್ರಾಫ್ಟ್ ರಚಿಸು’ ಎಂಬುದನ್ನು ಆರಿಸಿ. ಪತ್ರಗಳು ಸಿದ್ಧವಾಗಿ ಜಿಮೇಲ್‌ನ ಡ್ರಾಫ್ಟ್ಸ್‌ನಲ್ಲಿ ಕುಳಿತಿರುತ್ತವೆ, ನೀವು ಓದಿ ಕಳುಹಿಸಬಹುದು. ಹೆಸರಿನ ಜಾಗದಲ್ಲಿ ಊರು ಬಂದಿರುವುದು, ಒಬ್ಬರೇ ಎರಡು ಬಾರಿ ಅರ್ಜಿ ತುಂಬಿರುವುದು, ಇಮೇಲ್ ವಿಳಾಸ ತಪ್ಪಿರುವುದು ಇಂತಹವೆಲ್ಲ ಆಗಲೇ ಕಣ್ಣಿಗೆ ಬೀಳುತ್ತವೆ. ಶುಲ್ಕ ಬಂದಿದೆ ಎಂಬ ರಸೀದಿಯನ್ನಂತೂ ಬ್ಯಾಂಕ್ ಖಾತೆ ನೋಡದೆ ತಾನಾಗಿ ಹೋಗುವಂತೆ ಎಂದಿಗೂ ಮಾಡಬೇಡಿ. ಮಕ್ಕಳ ವಿವರ ಹೊರಗಿನ ಸೇವೆಯೊಂದರ ಮೂಲಕ ಹಾದುಹೋಗುವುದರಿಂದ ಆಧಾರ್ ಸಂಖ್ಯೆಯಂತಹ ಅನಗತ್ಯ ಮಾಹಿತಿಯನ್ನು ಕೇಳಲೇಬೇಡಿ. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ಪ್ರಶ್ನೆ: ಇಂತಹದೇ ಜೋಡಣೆ ಮಾಡಿಕೊಂಡಿದ್ದೇವೆ. ಆದರೆ ಜೂನ್ 5 ಎಂಬರ್ಥದಲ್ಲಿ 05/06 ಎಂದು ಬರೆದವರಿಗೆ ಮೇ 6 ಎಂದು ಪತ್ರ ಹೋಗಿದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಒಕ್ಕಣೆ ಓದಲಾಗದ ಅಕ್ಷರಗಳಾಗಿ ತಲುಪಿದೆ. ದೋಷ ಎಲ್ಲಿದೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಎರಡೂ ದೋಷಗಳು ಜೋಡಣೆಗಿಂತ ಮೊದಲೇ ಇವೆ. ಶೀಟ್‌ನ ಫೈಲ್ ಮೆನುವಿನಲ್ಲಿರುವ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 05/06 ಎಂಬುದನ್ನು ಅದು ತಿಂಗಳು ಮೊದಲಾಗಿ ಓದುತ್ತದೆ. ತಿಂಗಳ 12ನೇ ತಾರೀಖಿನ ನಂತರದ ದಿನಾಂಕಗಳನ್ನು ಹಾಗೆ ಓದಲು ಸಾಧ್ಯವಿಲ್ಲದ ಕಾರಣ ಅವು ಬರೆದಂತೆಯೇ ಉಳಿಯುತ್ತವೆ. ಆದ್ದರಿಂದಲೇ ಈ ತಪ್ಪು ಬೇಗ ಗೊತ್ತಾಗುವುದಿಲ್ಲ. ದೇಶವನ್ನು ಭಾರತ ಎಂದು ಬದಲಿಸಿ, ಸಮಯ ವಲಯವನ್ನೂ ಸರಿಪಡಿಸಿ, ಫಾರ್ಮ್‌ನಲ್ಲಿ ದಿನಾಂಕಕ್ಕೆಂದೇ ಇರುವ ಪ್ರಶ್ನೆಯ ಬಗೆಯನ್ನು ಬಳಸಿ. ಈಗಾಗಲೇ ತಪ್ಪಾಗಿ ದಾಖಲಾದ ಸಾಲುಗಳನ್ನು ಮಾತ್ರ ಕೈಯಾರೆ ತಿದ್ದಬೇಕು.

ಇನ್ನು ಅಕ್ಷರಗಳ ವಿಷಯ. ನುಡಿಯ ಹಳೆಯ ಆಸ್ಕಿ ವಿಧಾನದಲ್ಲಿ ಬರೆದಾಗ ಕಡತದಲ್ಲಿ ಉಳಿಯುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್ ಮಾತ್ರ. ಪತ್ರ ಪಡೆದವರ ಮೊಬೈಲಿನಲ್ಲಿ ಆ ಫಾಂಟ್ ಇರುವುದಿಲ್ಲ. ಆದ್ದರಿಂದ ಒಕ್ಕಣೆಯನ್ನು, ಅಕ್ಷರಗಳು ಕಡತದಲ್ಲೇ ಕನ್ನಡವಾಗಿ ಉಳಿಯುವ ಯೂನಿಕೋಡ್‌ ವಿಧಾನದಲ್ಲಿಯೇ ಬರೆಯಬೇಕು. ಜೊತೆಗೆ, ಊರು, ವಿಭಾಗ ಮೊದಲಾದವನ್ನು ಟೈಪ್ ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ‘ಹೌದು’ ಎಂಬುದರ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೂ ಯಂತ್ರ ಅದನ್ನು ಬೇರೆ ಉತ್ತರವೆಂದೇ ತಿಳಿಯಬಹುದು.

ಪ್ರಶ್ನೆ: ನಮ್ಮ ಕಚೇರಿಯ ಎಲ್ಲ ಜೋಡಣೆಗಳನ್ನು ಮಾಡಿಕೊಟ್ಟ ಸಿಬ್ಬಂದಿ ಕೆಲಸ ಬಿಡುತ್ತಿದ್ದಾರೆ. ಏನಾದರೂ ಮುನ್ನೆಚ್ಚರಿಕೆ ಬೇಕೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅಗತ್ಯವಾಗಿ ಬೇಕು, ಅದೂ ಅವರು ಹೊರಡುವ ಮೊದಲೇ. ಜೋಡಣೆ ನಡೆಯುವುದು ಯಾರ ಖಾತೆಯಿಂದ ಅನುಮತಿ ಕೊಡಲಾಗಿದೆಯೋ ಅವರ ಹೆಸರಿನಲ್ಲಿ. ಆ ಖಾತೆ ಮುಚ್ಚಿದರೆ ಅಥವಾ ಅನುಮತಿ ರದ್ದಾದರೆ ಕೆಲಸ ನಿಲ್ಲುತ್ತದೆ, ದೋಷದ ಸೂಚನೆಯೂ ಅವರ ಇಮೇಲ್‌ಗೇ ಹೋಗುತ್ತದೆ. ಕಚೇರಿಯ ಹೆಸರಿನಲ್ಲೊಂದು ಖಾತೆ ತೆರೆದು, ಫಾರ್ಮ್ ಮತ್ತು ಶೀಟ್‌ಗಳ ಒಡೆತನವನ್ನು ಅದಕ್ಕೆ ವರ್ಗಾಯಿಸಿ, ಪ್ರತಿಯೊಂದು ಜೋಡಣೆಗೂ ಆ ಖಾತೆಯಿಂದ ಹೊಸದಾಗಿ ಅನುಮತಿ ಕೊಡಿ. ಯಾವುದು ಎಲ್ಲಿಂದ ಎಲ್ಲಿಗೆ ಏನನ್ನು ಒಯ್ಯುತ್ತದೆ ಎಂಬುದನ್ನು ಅವರಿಂದಲೇ ಒಂದು ಪುಟದಲ್ಲಿ ಬರೆಸಿಕೊಳ್ಳಿ. ಪರೀಕ್ಷೆಗಾಗಿ ಒಂದು ಅರ್ಜಿ ತುಂಬಿ, ಅದು ಕೊನೆಯವರೆಗೂ ಸರಿಯಾಗಿ ತಲುಪಿತೆಂದು ಖಚಿತವಾದ ಮೇಲೆಯೇ ಹಳೆಯ ಅನುಮತಿಯನ್ನು ತೆಗೆದುಹಾಕಲು ಅವರಿಗೆ ಹೇಳಿ. ಅವರ ಗೂಗಲ್ ಖಾತೆಯಲ್ಲಿ ಹೊರಗಿನ ಆ್ಯಪ್‌ಗಳ ಸಂಪರ್ಕ ತೋರಿಸುವ ಪುಟದಲ್ಲಿ ಆ ಆಯ್ಕೆ ಇದೆ.