ಬೆಳ್ಳ ದಪ್ಪ ಆಗಿದಾನೆ, ಎರಡು ದಿನ ಉಪವಾಸ ಹಾಕ್ಲಾ?

ಪ್ರಶ್ನೆ: ನಮ್ಮನೆ ಗಂಡು ಬೆಕ್ಕು ಬೆಳ್ಳಂಗೆ 4 ವರ್ಷ. ಹೋದ ವರ್ಷ ಆಪರೇಷನ್ ಮಾಡಿಸಿದ್ವಿ, ಆಮೇಲಿಂದ ಊದ್ತಾನೇ ಇದಾನೆ, ಈಗ ಆರೂವರೆ ಕೆಜಿ. ಮಳೆ ಹಿಡಿದ ಮೇಲಂತೂ ಬಚ್ಚಲೊಲೆ ಪಕ್ಕದಿಂದ ಏಳಲ್ಲ. ಪ್ಯಾಕೆಟ್ ಫುಡ್ಡು ಖಾಲಿ ಆದಂಗೆ ತುಂಬ್ಸಿಡ್ತೀವಿ, ಅದರ ಮೇಲೆ ಅತ್ತೆ ದಿನಾ ಒಂದು ಲೋಟ ಹಾಲು ಹಾಕ್ತಾರೆ. ಎರಡು ದಿನ ಏನೂ ಹಾಕ್ಬೇಡ, ತಾನಾಗೇ ಇಳೀತಾನೆ ಅಂತಾರೆ ನಮ್ಮನೆಯವರು. ಹಾಗೆ ಮಾಡ್ಬಹುದಾ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಬೇಡ. ದಪ್ಪ ಇರೋ ಬೆಕ್ಕು ಎರಡು ಮೂರು ದಿನ ಹೊಟ್ಟೆಗೇನೂ ಇಲ್ದೆ ಇದ್ರೆ ಮೈಯಲ್ಲಿರೋ ಕೊಬ್ಬು ಕರಗಿ ಲಿವರಿಗೆ ಹೋಗಿ ತುಂಬ್ಕೊಳ್ಳುತ್ತೆ, ಕಾಮಾಲೆ ಬರುತ್ತೆ, ಆಮೇಲೆ ನೀವು ಏನು ಇಟ್ರೂ ಮೂಸಿ ಸಹ ನೋಡಲ್ಲ, ಜೀವಕ್ಕೇ ಸಂಚಕಾರ. ನಿಮ್ಮ ಯಜಮಾನ್ರಿಗೆ ಇದನ್ನ ಇವತ್ತೇ ಹೇಳಿ.

ಆಪರೇಷನ್ ಆದ ಬೆಕ್ಕಿಗೆ ಮೊದಲಿನಷ್ಟು ಊಟ ಬೇಕಾಗಲ್ಲ, ಆದ್ರೆ ಹಸಿವು ಮಾತ್ರ ಜಾಸ್ತಿ ಆಗುತ್ತೆ, ಹಂಗಾಗಿ ತುಂಬಿದ ಬಟ್ಟಲು ಯಾವಾಗ್ಲೂ ಎದುರಿಗಿದ್ರೆ ಅದು ತಾನೇ ಏನ್ಮಾಡುತ್ತೆ ಪಾಪ. ಇನ್ನು ಹಾಲು. 5 ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 250 ಕ್ಯಾಲರಿ ಸಾಕು, ಒಂದು ಲೋಟ ಗಟ್ಟಿ ಹಾಲಲ್ಲೇ ಅದರ ಅರ್ಧ ಮುಗೀತು. ದೊಡ್ಡ ಬೆಕ್ಕುಗಳಿಗೆ ಹಾಲು ಸರಿಯಾಗಿ ಜೀರ್ಣನೂ ಆಗಲ್ಲ. ಅತ್ತೆಯವರಿಗೆ ಮಾತ್ರ ಹಾಕ್ಲೇಬೇಡಿ ಅನ್ಬೇಡಿ, ಅವರ ಕೈಯಿಂದ ತಿಂದ್ರೇನೇ ಬೆಳ್ಳಂಗೂ ಸಮಾಧಾನ ಇರುತ್ತೆ. ಹಾಲಿನ ಬದಲು ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿನೋ ಮೀನೋ ಎರಡು ಚೂರು ಅವರೇ ಕೊಡ್ಲಿ. ಸಾರಿನಿಂದ ಎತ್ತಿದ್ದು ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ.

ಪ್ಯಾಕೆಟ್ ಫುಡ್ಡು ಅಂದಾಜಿಗೆ ಸುರೀಬೇಡಿ, ತೂಕ ಮಾಡಿ. ಈ ಸೈಜಿನ ಬೆಕ್ಕಿಗೆ ಸಾಮಾನ್ಯವಾಗಿ ದಿನಕ್ಕೆ 50 ಗ್ರಾಂ ಆಸುಪಾಸು, ಆದ್ರೆ ಬ್ರ್ಯಾಂಡ್ ಮೇಲೆ ವ್ಯತ್ಯಾಸ ಆಗುತ್ತೆ, ಅದಕ್ಕೆ ಒಂದ್ಸಲ ಡಾಕ್ಟರಿಗೆ ತೋರಿಸಿ ಕೇಳ್ಕೊಳ್ಳಿ, ಶಿವಮೊಗ್ಗಕ್ಕೆ ಬರೋದಿದ್ರೆ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಒಂದೇ ಸಲ ಅಷ್ಟಕ್ಕೆ ಇಳಿಸ್ಬೇಡಿ, ಒಂದೆರಡು ವಾರದಲ್ಲಿ ನಿಧಾನಕ್ಕೆ ಕಮ್ಮಿ ಮಾಡಿ ಮೂರು ನಾಕು ಹೊತ್ತು ಹಂಚಿ ಹಾಕಿ. ಒಂದು ಹೊತ್ತಿಂದು ಅಡಿಕೆ ಹಾಳೆ ಮೇಲೆ ಹರಡಿ ಅಟ್ಟದ ಮೆಟ್ಟಿಲ ಮೇಲಿಡಿ, ಹತ್ಕೊಂಡು ಹೋಗಿ ಒಂದೊಂದೇ ಕಾಳು ಹುಡುಕಿ ತಿನ್ಲಿ. ಸಂಜೆ ದಾರಕ್ಕೆ ಹಾಳೆ ಚೂರು ಕಟ್ಟಿ ಜಗಲಿ ತುಂಬ ಎಳೆದಾಡಿ, ಐದು ನಿಮಿಷ ಸಾಕು, ಮಳೆಗಾಲದಲ್ಲಿ ಹೊರಗೆ ಬೇಟೆ ಇಲ್ದಿರೋ ಬೆಕ್ಕಿಗೆ ಇದು ತುಂಬಾ ಮುಖ್ಯ.

ವಾರಕ್ಕೊಂದ್ಸಲ ಬೆಳ್ಳನ್ನ ಎತ್ಕೊಂಡು ತೂಕದ ಮಿಷನ್ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೀರಿ. ವಾರಕ್ಕೆ 60 ಗ್ರಾಂ ಇಳಿದ್ರೂ ಚೆನ್ನಾಗಿ ಆಗ್ತಿದೆ ಅಂತಾನೇ ಅರ್ಥ. ಮಿಷನ್ ಅಷ್ಟು ಸಣ್ಣ ವ್ಯತ್ಯಾಸ ತೋರಿಸದಿದ್ರೆ ತಿಂಗಳಿಗೊಮ್ಮೆ ಬರೆದಿಟ್ಕೊಳ್ಳಿ. ಪಕ್ಕೆ ಮೇಲೂ ಕೈ ಆಡಿಸಿ ನೋಡ್ತಿರಿ. ತೆಳು ಕಂಬಳಿ ಕೆಳಗಿನ ಬೆರಳು ಮುಟ್ಟಿದಂಗೆ ಪಕ್ಕೆಲುಬು ಒಂದೊಂದಾಗಿ ಸಿಗ್ಬೇಕು. ಈ ಮಳೇಲಿ ಶುರು ಮಾಡಿದ್ರೆ ಅಡಿಕೆ ಕೊಯ್ಲು ಮುಗಿಯೋ ಹೊತ್ತಿಗೆ ಅದು ನಿಮ್ಮ ಕೈಗೆ ಸಿಗುತ್ತೆ. ನಡುವೆ ಯಾವತ್ತಾದ್ರೂ ಪೂರ್ತಿ ಒಂದು ದಿನ ಊಟ ಬಿಟ್ರೆ ಮಾತ್ರ ಕಾಯ್ಬೇಡಿ, ಎತ್ಕೊಂಡು ಹೊರಡಿ.