ಕಳವಾದ ವಸ್ತು ಗಡಿ ದಾಟಿದರೆ ಯಾರ ಸ್ವತ್ತು?

ಪ್ರಶ್ನೆ: ನಾನು ಧಾರವಾಡದಲ್ಲಿ ಕಾನೂನು ಸ್ನಾತಕೋತ್ತರ ವಿದ್ಯಾರ್ಥಿನಿ. ಯುರೋಪ್ ಒಕ್ಕೂಟದೊಳಗೆ ಸರಕು ಸುಂಕವಿಲ್ಲದೆ ಗಡಿ ದಾಟುತ್ತದೆ, ಅದರ ಒಡೆತನದ ಕಾನೂನು ಮಾತ್ರ ದೇಶಕ್ಕೊಂದು ಬಗೆ. ಚರ ಸ್ವತ್ತಿನ ಈ ಕಾನೂನುಗಳನ್ನು ಹೊಂದಿಸಲು ನಡೆದ ತೌಲನಿಕ ಅಧ್ಯಯನಗಳಿಂದ ಏನು ಫಲ ಸಿಕ್ಕಿತು? ಪ್ರಬಂಧಕ್ಕೆ ಈ ವಿಷಯ ಆರಿಸಬಹುದೇ?

ಉತ್ತರ: ಕಾನೂನು ಇನ್ನೂ ಒಂದಾಗಿಲ್ಲ. ಆದರೆ ದೇಶ ದೇಶಗಳ ನಡುವಿನ ವ್ಯತ್ಯಾಸ ಎಲ್ಲಿ ನಿಜವಾದದ್ದು, ಎಲ್ಲಿ ಬರಿಯ ಸಿದ್ಧಾಂತದ್ದು ಎಂಬುದು ತಿಳಿದುಬಂದಿದೆ. ಅಧ್ಯಯನದ ದೊಡ್ಡ ಫಲ ಅದೇ ಎಂದು ನನ್ನ ಎಣಿಕೆ.

ಫ್ರಾನ್ಸಿನ ನಾಗರಿಕ ಸಂಹಿತೆಯ 1583ನೇ ವಿಧಿಯಂತೆ ವಸ್ತು ಮತ್ತು ಬೆಲೆ ಒಪ್ಪಿಗೆಯಾದೊಡನೆ ಒಡೆತನ ಕೊಂಡವರದಾಗುತ್ತದೆ. ಜರ್ಮನಿಯ ಸಂಹಿತೆಯ 929ನೇ ಪ್ರಕರಣ ಮಾರಾಟದ ಕರಾರು ಸಾಲದೆನ್ನುತ್ತದೆ. ವಸ್ತುವನ್ನು ಒಪ್ಪಿಸಬೇಕು, ಒಡೆತನ ಬಿಟ್ಟುಕೊಡುವ ಬೇರೊಂದು ಒಪ್ಪಂದವೂ ಇರಬೇಕು. ಕೇಳಲು ಎರಡು ಧ್ರುವಗಳು. ಆದರೆ ಉಗ್ರಾಣದಲ್ಲಿರುವ ನೂರು ಮೂಟೆಗಳಲ್ಲಿ ಹತ್ತನ್ನು ಕೊಂಡವರಿಗೆ, ಆ ಹತ್ತು ಯಾವುವೆಂದು ಗುರುತಿಸುವ ತನಕ ಫ್ರಾನ್ಸಿನಲ್ಲಿಯೂ ಒಡೆತನ ಸಿಗದು. ಜರ್ಮನಿಯಲ್ಲಿಯೋ, ಮಾರಿದವರೇ ವಸ್ತುವನ್ನು ಕೊಂಡವರ ಪರವಾಗಿ ಇಟ್ಟುಕೊಳ್ಳಲು ಒಪ್ಪಿದರೆ ಅದು ಕೈಗೊಪ್ಪಿಸಿದ್ದಕ್ಕೆ ಸಮ. ಒಂದೇ ಕಲ್ಪಿತ ಪ್ರಸಂಗವನ್ನು ಹಲವು ದೇಶಗಳ ತಜ್ಞರ ಮುಂದಿಟ್ಟು ಫಲಿತಾಂಶ ಬರೆಸಿಕೊಳ್ಳುವ ವಿಧಾನವನ್ನು ಇಟಲಿಯ ಟ್ರೆಂಟೊದಲ್ಲಿ 1993ರಲ್ಲಿ ಆರಂಭವಾದ ಯೋಜನೆ ಬೆಳೆಸಿದ್ದು, ಇಂಥ ಸಾಮ್ಯಗಳು ಕಣ್ಣಿಗೆ ಬೀಳಲಿ ಎಂದೇ.

ಕಳವಿನ ಮಾತು ಬಂದಾಗ ಈ ಸಾಮ್ಯ ಮುರಿದುಬೀಳುತ್ತದೆ. ಇಂಗ್ಲೆಂಡಿನಲ್ಲಿ ಕಳವಾದ ಜಪಾನಿ ಕಲಾಕೃತಿಗಳನ್ನು ಇಟಲಿಗೆ ಸಾಗಿಸಿ ಮಾರಲಾಯಿತು. ಕೊಂಡವರು ಅವನ್ನು ಲಂಡನ್ನಿಗೇ ಹರಾಜಿಗೆ ಕಳಿಸಿದರು. ಮೂಲ ಒಡೆಯರು ನ್ಯಾಯಾಲಯಕ್ಕೆ ಹೋದರು. ಕಳವು ಇಂಗ್ಲೆಂಡಿನಲ್ಲಿ, ಒಡೆಯರು ಅಲ್ಲಿಯವರು, ವಸ್ತುವೂ ಮರಳಿ ಅಲ್ಲಿಗೇ ಬಂದಿದೆ. ಆದರೂ 1980ರಲ್ಲಿ ವರದಿಯಾದ ತೀರ್ಪು, ಮಾರಾಟದ ವೇಳೆ ವಸ್ತು ಇದ್ದ ಇಟಲಿಯ ಕಾನೂನೇ ಅನ್ವಯಿಸುತ್ತದೆ ಎಂದಿತು. ಆ ಕಾನೂನಿನಲ್ಲಿ ಸದ್ಭಾವನೆಯಿಂದ, ಅಂದರೆ ಕಳವಿನ ಮಾಲೆಂದು ತಿಳಿಯದೆ, ಕೊಂಡು ಸ್ವಾಧೀನ ಪಡೆದವರಿಗೆ ಕದ್ದ ಮಾಲಿನ ಮೇಲೆಯೂ ಒಡೆತನ ಬರುತ್ತದೆ. ಜರ್ಮನಿ ಸಾಮಾನ್ಯವಾಗಿ ಇದನ್ನು ಒಪ್ಪದು; ಫ್ರಾನ್ಸ್ ಕಳೆದುಕೊಂಡವರಿಗೆ ವಸ್ತುವನ್ನು ಮರಳಿ ಕೇಳಲು ಮೂರು ವರ್ಷದ ಕಾಲಾವಕಾಶ ಕೊಡುತ್ತದೆ.

ಓಸ್ನಾಬ್ರೂಕ್‌ನ ಜರ್ಮನ್ ಕಾನೂನು ಪ್ರಾಧ್ಯಾಪಕ ಕ್ರಿಸ್ಟಿಯಾನ್ ಫಾನ್ ಬಾರ್ ನೇತೃತ್ವದ ಅಧ್ಯಯನ ತಂಡವೂ ಸೇರಿ 2009ರಲ್ಲಿ ಯುರೋಪಿಗೆಲ್ಲ ಮಾದರಿಯಾಗಲೆಂದು ಪ್ರಕಟಿಸಿದ ಕರಡು ನಿಯಮಗಳು ಇಲ್ಲಿ ಮಧ್ಯದ ದಾರಿ ಹಿಡಿದವು. ಕದ್ದ ಮಾಲನ್ನು ಆ ವ್ಯಾಪಾರವನ್ನೇ ನಡೆಸುವವರಿಂದ ಸದ್ಭಾವನೆಯಿಂದ, ಬೆಲೆ ಕೊಟ್ಟು ಕೊಂಡರೆ ಮಾತ್ರ ಒಡೆತನ. ಸಾಂಸ್ಕೃತಿಕ ವಸ್ತುವಾದರೆ ಅದೂ ಇಲ್ಲ. ಕರಡಿನ ಎಂಟನೇ ಭಾಗದ ಈ ಸೂತ್ರ ನನಗೆ ಬುದ್ಧಿವಂತಿಕೆಯದಾಗಿ ಕಾಣುತ್ತದೆ. ಆದರೆ ಅದು ಕಾನೂನಲ್ಲ. ಒಕ್ಕೂಟದ ಒಪ್ಪಂದದ 345ನೇ ವಿಧಿ ಸದಸ್ಯ ದೇಶಗಳ ಸ್ವತ್ತಿನ ವ್ಯವಸ್ಥೆಗೆ ಬಾಧೆ ತರುವುದಿಲ್ಲವೆಂದು ಹೇಳುತ್ತದೆ. 2011ರ ಏಕರೂಪ ಮಾರಾಟ ಕಾನೂನಿನ ಪ್ರಸ್ತಾವ ಕೂಡ ಒಡೆತನದ ವರ್ಗಾವಣೆಯನ್ನು ಹೊರಗಿಟ್ಟಿತ್ತು, ಕೊನೆಗೆ ಪ್ರಸ್ತಾವವೇ ಹಿಂದಕ್ಕೆ ಹೋಯಿತು.

ಇನ್ನು ನಿಮ್ಮ ಪ್ರಬಂಧ. ವಿಷಯವನ್ನು ಆರಿಸಿ, ಆದರೆ ಇಡಿಯಾಗಿ ಬೇಡ. ಬೆಲೆ ಪೂರ್ತಿ ಸಲ್ಲುವ ತನಕ ಒಡೆತನವನ್ನು ಮಾರಿದವರೇ ಉಳಿಸಿಕೊಳ್ಳುವ ಷರತ್ತನ್ನಷ್ಟೇ ತೆಗೆದುಕೊಳ್ಳಿ. ಹೀಗೆ ಕಂತಿನ ಮೇಲೆ ಜರ್ಮನಿಯ ಕಂಪನಿಯೊಂದು ನೆದರ್‌ಲ್ಯಾಂಡ್ಸ್‌ಗೆ ಮಾರಿದ ಯಂತ್ರಗಳನ್ನು, ಕೊಂಡವರ ತೆರಿಗೆ ಬಾಕಿಗಾಗಿ ಅಲ್ಲಿನ ಅಧಿಕಾರಿಗಳು ಜಪ್ತಿ ಮಾಡಿದ್ದರು. ಇಂಥ ಜಪ್ತಿ ಸರಕಿನ ಮುಕ್ತ ಸಂಚಾರಕ್ಕೆ ಅಡ್ಡಿ ಎಂಬ ಮಾರಿದ ಕಂಪನಿಯ ವಾದವನ್ನು, ಆ ಅಡ್ಡಿ ತೀರ ಅನಿಶ್ಚಿತ ಹಾಗೂ ಪರೋಕ್ಷವೆಂದು ಯುರೋಪ್ ನ್ಯಾಯಾಲಯ 1990ರಲ್ಲಿ ತಳ್ಳಿಹಾಕಿತು. ಆ ತೀರ್ಪಿನ ಪಕ್ಕದಲ್ಲಿ, ಇಂಗ್ಲಿಷ್ ಮಾದರಿಯಲ್ಲೇ ರೂಪುಗೊಂಡ ನಮ್ಮ 1930ರ ಸರಕು ಮಾರಾಟ ಅಧಿನಿಯಮದಲ್ಲಿ ಒಡೆತನದ ವರ್ಗಾವಣೆಗೆ ಸಂಬಂಧಿಸಿದ 19, 25 ಮತ್ತು 30ನೇ ಪ್ರಕರಣಗಳನ್ನಿಟ್ಟು ಓದತೊಡಗಿ.